ದೊಡ್ಡಳಿಯ ಕೇಳಿದ ಪ್ರಶ್ನೆ

ಬೇಗೂರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಶಿವರಾಮುವಿನ ಗಂಟಲಲ್ಲಿ ಆ ಭಾನುವಾರ ಬೆಳಿಗ್ಗೆ ಇಡ್ಲಿ ನಿಂತುಬಿಟ್ಟಿತು. ಇದರಲ್ಲಿ ಇಡ್ಲಿಯ ತಪ್ಪಾಗಲಿ, ಅದನ್ನು ಬೇಯಿಸಿದ ಅವನ ಹೆಂಡತಿ ಭಾನುವಿನ ತಪ್ಪಾಗಲಿ ಇರಲಿಲ್ಲ. ಭಾನು ತವರಿನವರ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿ ಬಂದು, ಎರಡನೇ ಸಲ ಚಟ್ನಿ ಹಾಕುತ್ತಾ, ತಂಗಿ ಶೃತಿಯ ಗಂಡ ಸುನೀಲ್ ಕುಮಾರನ ಪಿಎಚ್‌ಡಿ ಮುಗಿಯಿತಂತೆ, ಗುರುವಾರ ಚಾಮರಾಜನಗರದಲ್ಲಿ ವೈವಾ ಅಂತೆ, ಅದೊಂದು ದಾಟಿದರೆ ಡಾಕ್ಟರ್ ಸುನೀಲ್ ಕುಮಾರ್ ಅಂತೆ, ಎಂದು ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಸಂತೋಷವಿತ್ತು. ಅದನ್ನು ಕಂಡು ಇಡ್ಲಿ ಇನ್ನಷ್ಟು ಗಟ್ಟಿಯಾಯಿತು.

ಆ ಕುಟುಂಬದಲ್ಲಿ ಪಿಎಚ್‌ಡಿ ಎಂಬುದು ಶಿವರಾಮುವಿನ ಸ್ವಂತ ಸೊತ್ತಾಗಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಅವನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಎಂಟು ವರ್ಷದ ಹಿಂದೆ ಅವನು ‘ಗುಂಡ್ಲುಪೇಟೆ ತಾಲ್ಲೂಕಿನ ವಾರದ ಸಂತೆಗಳು: ಒಂದು ಸಾಂಸ್ಕೃತಿಕ ಅಧ್ಯಯನ’ ಎಂಬ ವಿಷಯಕ್ಕೆ ಹೆಸರು ನೋಂದಾಯಿಸಿದ್ದ. ಕ್ಷೇತ್ರಕಾರ್ಯದಲ್ಲಿ ಅವನು ಎಂದೂ ಸೋಮಾರಿತನ ತೋರಿದವನಲ್ಲ. ವಾರ ತಪ್ಪದೆ ಚೀಲ ಹಿಡಿದು ಸಂತೆಗೆ ಹೋಗುತ್ತಿದ್ದ, ವಾರ ತಪ್ಪದೆ ಎಳೆ ಬೆಂಡೆಕಾಯಿ ತರುತ್ತಿದ್ದ. ಬರವಣಿಗೆಯೂ ನಿಂತಿತ್ತು ಎನ್ನುವಂತಿಲ್ಲ. ಮುಖಪುಟ, ಅರ್ಪಣೆ, ಕೃತಜ್ಞತೆಗಳು ಮುಗಿದು ಪೀಠಿಕೆಯ ಎರಡನೇ ಪ್ಯಾರಾ ನಡೆಯುತ್ತಿತ್ತು.

ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿದ್ದ ಮಾವನ ಮನೆಯಲ್ಲಿ ಯಾರೂ ಪ್ಯಾರಾ ಎಣಿಸುತ್ತಿರಲಿಲ್ಲ. ಮಾವ ಬೋರಯ್ಯ ಬಂದುಹೋದವರಿಗೆಲ್ಲ, ಇವ್ರು ನಮ್ಮ ದೊಡ್ಡಳಿಯ, ಪಿಎಚ್‌ಡಿ ಮಾಡ್ತಾವ್ರೆ, ಎಂದು ಪರಿಚಯಿಸುತ್ತಿದ್ದ. ಫ್ಯಾನಿನ ಕೆಳಗಿನ ಕುರ್ಚಿ ಶಿವರಾಮುವಿನದು. ಪಂಕ್ತಿಯ ಮೊದಲ ಎಲೆ ಶಿವರಾಮುವಿನದು. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಎಮ್ಮೆ ಯಾಕೆ ಮೇವು ಮುಟ್ಟುತ್ತಿಲ್ಲ ಎಂಬುದನ್ನು ಕೂಡ ಸಂತೆಯ ಸಂಸ್ಕೃತಿ ಬಲ್ಲವನೆಂದು ಅವನನ್ನೇ ಕೇಳುತ್ತಿದ್ದರು. ಚಿಕ್ಕಳಿಯ ಸುನೀಲ್ ಕುಮಾರನಾದರೋ ಅರಿಶಿನದ ಗೆಡ್ಡೆ ಯಾಕೆ ಕೊಳೆಯುತ್ತದೆ ಎಂದು ಸಂಶೋಧನೆ ಮಾಡುವವನು. ಪ್ಯಾಂಟಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದ, ಎಲ್ಲರಿಗೂ ಬಡಿಸುತ್ತಿದ್ದ, ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಆವರೆಗೆ ಶಿವರಾಮುವಿಗೆ ಅವನ ಮೇಲೆ ಬಹಳ ಪ್ರೀತಿಯಿತ್ತು.

ಗುರುವಾರ ಕಳೆದರೆ ಆ ಕುರ್ಚಿ ಹೋಗುತ್ತದೆ. ಮಾಡುತ್ತಿರುವವನು ಎದ್ದು ಮಾಡಿದವನಿಗೆ ಜಾಗ ಬಿಡಬೇಕಾಗುತ್ತದೆ.

ಸುದ್ದಿ ಪಕ್ಕದ ಮನೆಯ ಸುಂದ್ರಮ್ಮನಿಗೆ ತಲುಪಲು ಕಾಫಿ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಅವಳು ಗೇಟಿನ ಮೇಲೆ ಕೈಯೂರಿ, ನಿಮ್ಮ ಷಡ್ಡಕಂದು ಮುಗೀತಂತಲ್ಲ ಮೇಷ್ಟ್ರೆ, ನೀವು ಅವ್ರಿಗಿಂತ ಮುಂಚೇನೇ ಶುರು ಮಾಡಿದ್ರಲ್ವಾ, ಎಂದು ಕೇಳಿದಳು. ಶಿವರಾಮು ತಾಳ್ಮೆಯಿಂದ ವಿವರಿಸಿದ. ವಿಜ್ಞಾನ ಬೇಗ ಆಗುವಂಥದ್ದು. ಅರಿಶಿನದ ಆಯುಸ್ಸೇ ಒಂಬತ್ತು ತಿಂಗಳು, ನೆಟ್ಟರೆ ಬೆಳೆಯಿತು, ಕೊಳೆತರೆ ಕೊಳೆಯಿತು. ಸಂಸ್ಕೃತಿ ಹಾಗಲ್ಲ, ಅದಕ್ಕೆ ಸಾವಿರಾರು ವರ್ಷದ ಆಯುಸ್ಸು.

ಸುಂದ್ರಮ್ಮನ ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಅಂಗಾದ್ರ ನಿಮ್ದು ಮುಗಿಯಾದು ನಮ್ ಕಾಲ್ದಲ್ಲಿ ಇಲ್ಲ ಅನ್ನಿ."

ಅಂದೇ ಮಧ್ಯಾಹ್ನ ಶಿವರಾಮು ಭಾನುವನ್ನು ಕರೆದುಕೊಂಡು ಮಾವನ ಮನೆಗೆ ಹೋದ. ಅಭಿನಂದನೆ ಹೇಳುವುದು ದೊಡ್ಡಳಿಯನ ಕರ್ತವ್ಯ ಎಂದು ಭಾನುವಿಗೆ ಹೇಳಿದ್ದ. ಕುರ್ಚಿ ಇನ್ನೂ ಅಲ್ಲಿಯೇ ಇದೆಯೇ ಎಂದು ನೋಡಿಕೊಂಡು ಬರುವ ಉದ್ದೇಶವನ್ನು ಹೇಳಿರಲಿಲ್ಲ. ಕುರ್ಚಿ ಇತ್ತು. ಸುನೀಲ್ ಕುಮಾರ ಚಾಮರಾಜನಗರದಲ್ಲೇ ಇದ್ದ, ಶೃತಿಯೂ ಅಲ್ಲೇ. ಬೋರಯ್ಯ ದೊಡ್ಡಳಿಯನನ್ನು ಫ್ಯಾನಿನ ಕೆಳಗೆ ಕೂರಿಸಿ, ಈ ವೈವಾ ಅಂದರೆ ಏನು, ಇದನ್ನೆಲ್ಲ ತಿಳಿದವರು ನೀವು, ಬಿಡಿಸಿ ಹೇಳಿ, ಎಂದ.

ಶಿವರಾಮು ನೆಟ್ಟಗೆ ಹೇಳಬಹುದಿತ್ತು. ಮುಕ್ಕಾಲು ಪಾಲು ಎಲ್ಲರೂ ಪಾಸಾಗುವ ಪರೀಕ್ಷೆ, ಕೊನೆಗೆ ಉಪ್ಪಿಟ್ಟು ಕೇಸರಿಬಾತು ಕೊಡುತ್ತಾರೆ, ಎನ್ನಬಹುದಿತ್ತು. ಆದರೆ ಅತ್ತೆ ರಾಚಮ್ಮ ಅಷ್ಟರಲ್ಲಿ ಗೋಡೆಗೆ ಹಾಕಿಸಲೆಂದು ಸುನೀಲನ ಫೋಟೊ ಒಂದನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಅದು ಕಣ್ಣಿಗೆ ಬಿತ್ತು.

"ಅದು ಒಂಥರಾ ನ್ಯಾಯ ಕೂಡ್ಸಿದಂಗೆ ಮಾವ," ಎಂದ. "ತಮಿಳುನಾಡಿಂದ ದೊಡ್ಡೋರು ಬರ್ತಾರೆ. ಎಲ್ರ ಎದ್ರಿಗೂ ನಿಲ್ಸಿ ಕೇಳ್ತಾರೆ. ಉತ್ರ ಹೇಳೋಕೆ ಆಗ್ದಿದ್ರೆ ಅಲ್ಲಿಗೆ ಮುಗೀತು."

ಆ ಕಡೆಯ ಹಳ್ಳಿಗಳಲ್ಲಿ ಬೇಲಿ ಜಗಳದಿಂದ ಹಿಡಿದು ಗಂಡ ಹೆಂಡಿರ ಮುನಿಸಿನವರೆಗೆ ಯಾವುದನ್ನು ತೀರಿಸಲು ಯಜಮಾನರು ಕೂತರೂ ಅದಕ್ಕೆ ನ್ಯಾಯ ಎನ್ನುತ್ತಾರೆ. ಬೋರಯ್ಯ ಸ್ವತಃ ಬೀದಿಯ ಯಜಮಾನ. ಎಷ್ಟೋ ನ್ಯಾಯ ಕಂಡವನು. ಅವನ ಮುಖ ಗಂಭೀರವಾಯಿತು.

"ಒಬ್ನೇ ನಿಂತ್ಕಬೇಕಾ?"

"ಒಬ್ನೇ."

"ನಮ್ಮ ಕಡೇರು ಓಗಂಗಿಲ್ವಾ?"

"ಯಾರು ಬೇಕಾದ್ರೂ ಹೋಗ್ಬೋದು. ಬಾಗ್ಲು ತೆಗ್ದೇ ಇರ್ತದೆ," ಎಂದು ಶಿವರಾಮು ಹೇಳಿದ. ಆ ದಿನ ಅವನ ಬಾಯಿಂದ ಬಂದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ, ಅನಾಹುತವಾದದ್ದೂ ಇದರಿಂದಲೇ.

ರಾಚಮ್ಮ ಫೋಟೊ ಕೆಳಗಿಟ್ಟು ಅಳಲು ಶುರು ಮಾಡಿದಳು. ಸರ್ಕಾರದವರು ಹುಡುಗನ ಕೈಗೆ ಅರಿಶಿನದ ಹೊಲ ವಹಿಸಿದ್ದಾರೆ, ಅದು ಕೊಳೆತುಹೋಗಿದೆ, ಈಗ ಯಾಕೆ ಕೊಳೆಯಿತು ಎಂದು ಅವನನ್ನು ಹಿಡಿದು ಕೇಳುತ್ತಾರೆ, ಎಂದು ಅವಳು ಕತೆಯನ್ನು ತಾನೇ ಪೂರ್ತಿ ಮಾಡಿಕೊಂಡಿದ್ದಳು. ನಾಲ್ಕು ವರ್ಷದಿಂದ ಅಳಿಯ ಮನೆಗೆ ಬಂದಾಗಲೆಲ್ಲ ಕೊಳೆತ ಗೆಡ್ಡೆಯ ಮಾತನ್ನೇ ಆಡುತ್ತಿದ್ದುದಕ್ಕೆ ಇದು ಸರಿಯಾಗಿ ಕೂತಿತು. ಶಿವರಾಮು ತಿದ್ದಲೆಂದು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ರಾಚಮ್ಮ, "ನೀವೇ ಮುಂದ ನಿಂತು ಬುಡಿಸ್ಕಂಡು ಬರ್ಬೇಕು ಅಳಿಯಂದ್ರೆ, ಓದಿರೋರು ನೀವೊಬ್ರೇ," ಎಂದು ಅವನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ತೆರೆದ ಬಾಯಿಗೆ ಒಬ್ಬಟ್ಟು ಹೋಯಿತು.

ಆಮೇಲಿನ ದಿನಗಳನ್ನು ಶಿವರಾಮು ಸುಮ್ಮನೆ ಕಳೆಯಲಿಲ್ಲ. ಸುನೀಲ್ ಪ್ರೀತಿಯಿಂದ ಕಳಿಸಿದ್ದ ಪ್ರಬಂಧದ ಸಾರಾಂಶವನ್ನು ಮೊಬೈಲಿನಲ್ಲಿ ಓದಿದ. ಅದರಲ್ಲಿ ಚಾಮರಾಜನಗರ ಎಂಬ ಪದ ಬಿಟ್ಟರೆ ಬೇರೇನೂ ಅರ್ಥವಾಗಲಿಲ್ಲ. ಆದರೂ ಅರ್ಥವಾಗದ ಪದಗಳನ್ನೇ ಆರಿಸಿ ಪೋಣಿಸಿ ಇಂಗ್ಲಿಷಿನಲ್ಲಿ ಒಂದು ಭಯಂಕರ ಪ್ರಶ್ನೆ ತಯಾರು ಮಾಡಿ, ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ. ವೈವಾದಲ್ಲಿ ಸಭಿಕರೂ ಪ್ರಶ್ನೆ ಕೇಳಬಹುದು. ಸುನೀಲ್ ತಡವರಿಸಬೇಕು, ಬೆವರಬೇಕು, ಅದನ್ನು ಮಾವ ಕಣ್ಣಾರೆ ನೋಡಬೇಕು. ಫೇಲಾಗಬೇಕು ಎಂದೇನೂ ಅವನು ಬಯಸಲಿಲ್ಲ. ಶಿವರಾಮು ಅಂಥ ಕೆಟ್ಟವನಲ್ಲ. ಒಂದೆರಡು ವರ್ಷ ತಳ್ಳಿಹೋದರೆ ಸಾಕಿತ್ತು.

ಗುರುವಾರ ಅವನು ಬೈಕಿನಲ್ಲಿ ಚಾಮರಾಜನಗರ ಸೇರಿ ವಿಶ್ವವಿದ್ಯಾಲಯದಲ್ಲಿ ಸುನೀಲನ ವಿಭಾಗದ ಮುಂದೆ ನಿಂತಿದ್ದಾಗ ಈರುಳ್ಳಿ ಲಾರಿಯೊಂದು ಗೇಟಿನೊಳಗೆ ಬಂತು. ಹಿಂಬಾಗಿಲು ಇಳಿಸಿದರು. ಬೋರಯ್ಯ ಇಳಿದ, ರಾಚಮ್ಮ ಇಳಿದಳು, ತವರಿನಲ್ಲೇ ಉಳಿದಿದ್ದ ಭಾನು ಇಳಿದಳು, ಇನ್ನೊಂದು ಬೀದಿಯ ಯಜಮಾನ ಲಿಂಗಯ್ಯ ರುಮಾಲು ಸರಿ ಮಾಡಿಕೊಳ್ಳುತ್ತಾ ಇಳಿದ, ಆಮೇಲೆ ಎರಡು ಬೀದಿ ಪೂರ್ತಿ ಇಳಿಯಿತು. ಇಷ್ಟು ಜನ ಯಾಕೆ ಎಂದು ಶಿವರಾಮು ಮಾವನನ್ನು ಕೇಳಿದ.

"ನಮ್ಮನ ಹುಡ್ಗ ಹೊರಗ್ನೋರ ಮುಂದ ಒಬ್ನೇ ನಿಂತಿದ್ದ ಅಂತ ನಾಳ ಯಾರೂ ಆಡ್ಬಾರ್ದು," ಎಂದ ಬೋರಯ್ಯ.

ವೈವಾ ನಡೆಯುವ ಕೋಣೆಯಲ್ಲಿ ಸಾಮಾನ್ಯವಾಗಿ ಅಭ್ಯರ್ಥಿಯ ಗೆಳೆಯರು ನಾಲ್ಕು ಜನ, ಉಪ್ಪಿಟ್ಟಿಗೆ ಬಂದವರು ನಾಲ್ಕು ಜನ ಇರುತ್ತಾರೆ. ಅಂದು ಗೋಡೆಗೂ ಜಾಗವಿರಲಿಲ್ಲ. ನ್ಯಾಯದ ಪದ್ಧತಿಯಂತೆ ಹಳ್ಳಿಯವರೆಲ್ಲ ಎಡಗಡೆ ಕೂತು ಬಲಗಡೆಯನ್ನು ಎದುರು ಪಾರ್ಟಿಗೆ ಬಿಟ್ಟರು. ಏನೂ ಅರಿಯದೆ ಬಂದು ಬಲಗಡೆ ಕೂತ ಸಂಶೋಧನಾ ವಿದ್ಯಾರ್ಥಿಗಳನ್ನು ಎರಡು ಬೀದಿಯ ಜನ ದುರುಗುಟ್ಟಿಕೊಂಡು ನೋಡಿದರು. ಫ್ಯಾನು ಹಾಕಿದ ಕೂಡಲೇ ತಲೆ, ಹೆಗಲುಗಳಿಂದ ಈರುಳ್ಳಿ ಸಿಪ್ಪೆಗಳೆದ್ದು ಕೋಣೆ ತುಂಬಾ ಹಾರಾಡಿದವು. ಬೋರಯ್ಯ ನೇರವಾಗಿ ಮುಂದೆ ಹೋಗಿ, ನ್ಯಾಯ ಹೇಳುವವರ ಮುಂದೆ ಇಡಬೇಕಾದ ಎಲೆಅಡಿಕೆಯ ತಟ್ಟೆಯನ್ನು ಪ್ರೊಜೆಕ್ಟರಿನ ಪಕ್ಕ ಇಟ್ಟು ಕೈಮುಗಿದು ಬಂದ. ಕೊಯಮತ್ತೂರಿನಿಂದ ಬಂದಿದ್ದ ಪರೀಕ್ಷಕಿ, ಬಿಳಿ ಕೂದಲಿನ ಹಿರಿಯ ಪ್ರಾಧ್ಯಾಪಕಿ, ಇದು ಇಲ್ಲಿನ ಸಂಪ್ರದಾಯವಿರಬೇಕೆಂದು ಒಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಅವರು ತಾಳವಾಡಿ ಕಡೆಯಲ್ಲಿ ಬೆಳೆದವರು, ಕನ್ನಡ ಬರುತ್ತಿತ್ತು.

ಎಲ್ಲಾ ಶಿವರಾಮು ಬಯಸಿದ್ದಕ್ಕಿಂತ ಚೆನ್ನಾಗಿ ಹಾಳಾಗುತ್ತಿತ್ತು. ಆದರೆ ಅಧ್ಯಕ್ಷತೆ ವಹಿಸಲು ಒಳಗೆ ಬಂದವರನ್ನು ನೋಡಿ ಅವನು ತಟ್ಟನೆ ತಲೆ ತಗ್ಗಿಸಿದ. ಅವರು ಡೀನ್ ಮಲ್ಲಿಕಾರ್ಜುನಸ್ವಾಮಿ. ಶಿವರಾಮುವಿನ ಸಂತೆಗಳಿಗೆ ಮಾರ್ಗದರ್ಶಕರೂ ಅವರೇ. ಅವರ ಫೋನು ಬಂದಾಗಲೆಲ್ಲ ಶಿವರಾಮು ಸಿಗ್ನಲ್ ಇಲ್ಲದ ಊರಿನಲ್ಲಿರುತ್ತಿದ್ದ. ಈಗ ಅವನು ಮೆಲ್ಲಗೆ ಸರಿದು ಲಿಂಗಯ್ಯನ ರುಮಾಲಿನ ಹಿಂದೆ ಅಡಗಿ ಕೂತ.

ಸುನೀಲ್ ಕುಮಾರ ಇಂಗ್ಲಿಷಿನಲ್ಲಿ ಶುರು ಮಾಡಿದ. ಜನಕ್ಕೆ ಮಾತು ತಿಳಿಯಲಿಲ್ಲ, ಚಿತ್ರ ತಿಳಿಯಿತು. ಪರದೆಯ ಮೇಲೆ ಕೊಳೆತ ಗೆಡ್ಡೆ ಕುಂಬಳಕಾಯಿಯಷ್ಟು ದೊಡ್ಡದಾಗಿ ಬಂದಾಗ ರಾಚಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಸಾಕ್ಷಿ ಸಮೇತ ಸಿಕ್ಕಿಬಿದ್ದಿದ್ದಾನೆ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಪರೀಕ್ಷಕಿ ಮೊದಲ ಪ್ರಶ್ನೆ ಕೇಳಿದರು. ಸುನೀಲ್ ಉತ್ತರಕ್ಕೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬೋರಯ್ಯ ಎದ್ದು ನಿಂತ.

"ಒಂದ್ ಮಾತು ಬುದ್ಧಿ. ಅರಿಸಿನ ಕೊಳ್ತಿರಾದು ದಿಟ. ಫೋಟೋನೇ ಅದ, ನಾವು ಇಲ್ಲ ಅನ್ನಕಿಲ್ಲ. ಆದ್ರ ನಮ್ ಹುಡ್ಗ ಕೊಳ್ಸಿಲ್ಲ. ಮಳ ಜಾಸ್ತಿ ಆಯ್ತು, ಅದ್ರಷ್ಟುಕ್ ಅದೇ ಕೊಳ್ತೋಯ್ತು."

ಬೋರಯ್ಯ ಕೂರುವ ಮೊದಲೇ ಲಿಂಗಯ್ಯ ಎದ್ದ. ಈ ಹುಡುಗ ಯಾರ ಬೇಲಿಯನ್ನೂ ಮುಟ್ಟಿದವನಲ್ಲ, ಯಾರ ಎಮ್ಮೆಯನ್ನೂ ಹೊಡೆದವನಲ್ಲ, ಎಂದು ಎರಡು ಬೀದಿಯ ಪರವಾಗಿ ನುಡಿದು ಕೂತ. ಮಲ್ಲಿಕಾರ್ಜುನಸ್ವಾಮಿ ಹಣೆ ಒತ್ತಿಕೊಂಡರು. ಪರೀಕ್ಷಕಿಗೆ ಮಾತ್ರ ಬಹಳ ಸಂತೋಷವಾಯಿತು. ಇವರೆಲ್ಲ ಅಧ್ಯಯನಕ್ಕೆ ಹೊಲ ಕೊಟ್ಟ ರೈತರೇ ಇರಬೇಕು, ರೈತರು ಇಷ್ಟು ಅಕ್ಕರೆಯಿಂದ ಬಂದು ನಿಂತ ಸಂಶೋಧನೆಯನ್ನು ತಾವು ನೋಡಿರಲಿಲ್ಲ, ಎಂದು ಪಕ್ಕದವರಿಗೆ ಹೇಳಿ, ವರದಿಯಲ್ಲಿ ‘ಸಮುದಾಯದ ಗಾಢ ಸಹಭಾಗಿತ್ವ’ ಎಂಬ ಅರ್ಥದ ಮಾತೊಂದನ್ನು ಬರೆದು ಅಡಿಗೆರೆ ಎಳೆದರು.

ಅಲ್ಲಿಂದ ಮುಂದೆ ಸುನೀಲನದೇ ಓಟ. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಬಂತು. ಪ್ರತಿ ಉತ್ತರಕ್ಕೂ ಪರೀಕ್ಷಕಿ ತಲೆಯಾಡಿಸಿದರು, ಅದನ್ನು ನೋಡಿ ಎರಡು ಬೀದಿಯೂ ತಲೆಯಾಡಿಸಿತು, ರಾಚಮ್ಮ ಬಾಯಿಂದ ಸೆರಗು ತೆಗೆದಳು. ಶಿವರಾಮು ರುಮಾಲಿನ ಹಿಂದಿನಿಂದ ಆಡುವ ತಲೆಗಳನ್ನು ಒಂದೊಂದಾಗಿ ಎಣಿಸಿದ. ಇನ್ಯಾರಾದರೂ ಕೇಳುವುದಿದೆಯೇ ಎಂದು ಮಲ್ಲಿಕಾರ್ಜುನಸ್ವಾಮಿ ಸಭೆಯತ್ತ ನೋಡಿದಾಗ, ಕೂತಿರು ಎಂದು ಭಯ ಹೇಳಿತು, ಏಳು ಎಂದು ಹೊಟ್ಟೆಕಿಚ್ಚು ಹೇಳಿತು. ಎದ್ದ.

ಎದ್ದ ಮೇಲೆ ನೋಡಿದರೆ ಬಾಯಿಪಾಠದ ಇಂಗ್ಲಿಷ್ ಪ್ರಶ್ನೆ ಎಲ್ಲಿಯೂ ಇಲ್ಲ. ಕನ್ನಡಿಯ ಮುಂದೆಯೇ ಉಳಿದುಬಿಟ್ಟಿತ್ತು. ಇಡೀ ಸಭೆ ಕಾಯುತ್ತಿತ್ತು. ಡೀನರ ಹುಬ್ಬು ನಿಧಾನವಾಗಿ ಮೇಲೇರುತ್ತಿತ್ತು. ತಲೆಯಲ್ಲಿ ಉಳಿದಿದ್ದುದು ಸಂತೆಯೊಂದೇ. ಅದನ್ನೇ ಹೊರಗೆ ಹಾಕಿದ.

"ನೀವು ಎಲ್ಲಾ ಗೆಡ್ಡೇನೂ ಹೊಲದಿಂದ್ಲೇ ತಗೊಂಡಿದ್ದೀರಿ. ನಮ್ಮ ರೈತ್ರು ಬಿತ್ನೆ ಗೆಡ್ಡೆ ತರೋದು ಸಂತೆಯಿಂದ. ಒಂದ್ ಸಂತೇಲಿ ಕೊಂಡೋರು ಇನ್ನೊಂದ್ ಸಂತೇಲಿ ಮಾರ್ತಾರೆ. ರೋಗಾನೂ ಅದ್ರ ಜೊತೇಲೇ ಸಂತೆ ಸುತ್ತುತ್ತೆ. ಅದನ್ನ ನೋಡಿದ್ರಾ?"

ಸುನೀಲ್ ಕುಮಾರ ಮೊದಲ ಬಾರಿಗೆ ತಡವರಿಸಿದ. ಆಮೇಲೆ ಕೈ ಮುಗಿದು, ಅಚ್ಚ ಕನ್ನಡದಲ್ಲಿ ಹೇಳಿದ.

"ಇಲ್ಲ. ನಾನು ನೋಡ್ಲಿಲ್ಲ. ಅದು ನನ್ನ ಕೆಲಸದಲ್ಲಿರೋ ಕೊರತೆ, ಒಪ್ಕೋತೀನಿ."

ಸಂಶೋಧಕರ ನಡುವೆ ಇದು ಒಳ್ಳೆಯ ನಡತೆ. ನ್ಯಾಯದಲ್ಲಿ ಹಾಗಲ್ಲ. ಕೈ ಮುಗಿದು ಒಪ್ಪಿಕೊಂಡ ಎಂದರೆ ಮುಗಿಯಿತು, ಇನ್ನು ದಂಡ ಎಷ್ಟು ಎಂಬುದೊಂದೇ ಬಾಕಿ. ಅಷ್ಟು ಹೊತ್ತಿನ ವೈವಾದಲ್ಲಿ ಹಳ್ಳಿಯವರಿಗೆ ಪೂರ್ತಿ ಅರ್ಥವಾದ ಪ್ರಶ್ನೋತ್ತರ ಇದೊಂದೇ ಆಗಿತ್ತು. ಎರಡು ಬೀದಿಯ ಜನ ಒಟ್ಟಿಗೆ ತಿರುಗಿ ಶಿವರಾಮುವನ್ನು ನೋಡಿದರು. ಪರೀಕ್ಷಕರು ಚರ್ಚೆಗೆಂದು ಒಳಕೋಣೆಗೆ ಹೋದರು.

ಬೋರಯ್ಯ ಬಂದು ಅಳಿಯನ ಮುಂದೆ ನಿಂತ. ಅಷ್ಟು ವರ್ಷ ಅಳಿಯಂದ್ರೆ, ನೀವು, ಬನ್ನಿ ಎನ್ನುತ್ತಿದ್ದ ಬಾಯಿ ಬೇರೆಯೇ ಆಗಿತ್ತು.

"ತಮಿಳ್ನಾಡಿಂದ ಬಂದೋರೇ ಹುಡ್ಗುನ್ನ ಬುಟ್ಬುಟ್ಟಿದ್ರು. ನೀನು ಹಿಡ್ದು ಕೊಟ್ಟೆಲ್ಲಯ್ಯ."

ರಾಚಮ್ಮ ಮುಖ ತಿರುಗಿಸಿಕೊಂಡಳು. ಲಿಂಗಯ್ಯ ತನ್ನ ರುಮಾಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಇನ್ನು ಅದರ ಹಿಂದೆ ಅಡಗಲು ಯಾರಿಗೂ ಅವಕಾಶವಿಲ್ಲ ಎನ್ನುವಂತೆ. ಭಾನು ಗಂಡನ ಪಕ್ಕದಿಂದ ಎದ್ದು ಹೋಗಿ ಮುಂದಿನ ಸಾಲಿನಲ್ಲಿದ್ದ ತಂಗಿ ಶೃತಿಯ ಪಕ್ಕ ಕೂತಳು. ಸುನೀಲ್ ಓಡಿ ಬಂದು, ಹಾಗಲ್ಲ ಮಾವ, ಅಣ್ಣ ಕೇಳಿದ್ದು ಸರಿಯಾಗಿಯೇ ಇದೆ, ಎಂದು ಎಷ್ಟು ಹೇಳಿದರೂ, ಸಿಕ್ಕಿಬಿದ್ದವನ ಒಳ್ಳೆಯತನವೆಂದು ಎಲ್ಲರ ಕಣ್ಣು ಇನ್ನಷ್ಟು ಒದ್ದೆಯಾಯಿತು.

ಒಳಕೋಣೆಯ ಬಾಗಿಲು ತೆರೆಯಿತು. ಸುನೀಲ್ ಕುಮಾರರಿಗೆ ಪಿಎಚ್‌ಡಿ ಪದವಿ ಕೊಡಬೇಕೆಂದು ಶಿಫಾರಸು ಮಾಡಿದ್ದೇವೆ ಎಂದು ಪರೀಕ್ಷಕಿ ಕನ್ನಡದಲ್ಲೇ ಪ್ರಕಟಿಸಿದರು. ದಂಡ ಹಾಕಲಿಲ್ಲ ಎಂದು ಖಚಿತವಾದ ಮೇಲೆ ಎರಡು ಬೀದಿಯೂ ಚಪ್ಪಾಳೆ ತಟ್ಟಿತು. ಆಮೇಲೆ ಆಕೆ, ಇವತ್ತು ಬಂದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಆ ಸಂತೆಯ ಪ್ರಶ್ನೆ, ನಾನು ಕೇಳಿದವನ್ನೂ ಸೇರಿಸಿ, ಅದನ್ನು ಕೇಳಿದವರು ಯಾರು, ಎಂದು ವಿಚಾರಿಸಿದರು.

ಗಾಳಿ ಮತ್ತೆ ತಿರುಗಿತು. ಬೋರಯ್ಯ ಒಂದು ಕ್ಷಣ ಗೊಂದಲಕ್ಕೆ ಬಿದ್ದು, ಮರುಕ್ಷಣವೇ ಸುಧಾರಿಸಿಕೊಂಡು, ಇವ್ರು ನಮ್ಮ ದೊಡ್ಡಳಿಯಂದ್ರು, ಪಿಎಚ್‌ಡಿ ಮಾಡ್ತಾವ್ರೆ, ಎಂದು ಎಂದಿನ ಪರಿಚಯ ಮಾಡಿಕೊಟ್ಟ. ಶಿವರಾಮುವಿನ ಬೆನ್ನು ನೆಟ್ಟಗಾಯಿತು. ಎಷ್ಟು ವರ್ಷದಿಂದ, ಎಂದು ಪರೀಕ್ಷಕಿ ವಿಶ್ವಾಸದಿಂದ ಕೇಳಿದರು. ಶಿವರಾಮು ಬಾಯಿ ತೆರೆಯುವ ಮೊದಲೇ ಮಲ್ಲಿಕಾರ್ಜುನಸ್ವಾಮಿ ಮುಂದೆ ಬಂದರು.

"ನಮ್ಮಲ್ಲೇ, ಮೇಡಂ. ಎಂಟು ವರ್ಷ ಆಯ್ತು, ಒಂದು ಅಧ್ಯಾಯ ನೋಡಿಲ್ಲ ನಾನು. ಇವರು ಎಲ್ಲೋ ಹೊರಟೇಹೋದ್ರೇನೋ ಅಂತ ಗಾಬರಿಯಾಗಿತ್ತು. ಡಿಸೆಂಬರ್ ಒಳಗೆ ಕೊಡ್ದಿದ್ರೆ ನೋಂದಣಿ ರದ್ದಾಗುತ್ತೆ."

ಶಿವರಾಮು ನೆಲ ನೋಡಿದ. ನೆಲದ ಮೇಲೆ ಈರುಳ್ಳಿ ಸಿಪ್ಪೆ ಬಿದ್ದಿತ್ತು. ತಾನೂ ಅದರಷ್ಟೇ ತೆಳ್ಳಗಾಗಿ ಫ್ಯಾನಿನ ಗಾಳಿಗೆ ಕಿಟಕಿಯಿಂದ ಹಾರಿಹೋಗಬಾರದೇ ಅನ್ನಿಸಿತು.

ಬಂದ ಜನಕ್ಕೆ ಒಂದು ನ್ಯಾಯದ ತಯಾರಿಯಂತೂ ಆಗಿತ್ತು. ಕೇಳಬೇಕಾದ ಕೇಸು ಬಿದ್ದುಹೋಗಿತ್ತು, ಎಲೆಅಡಿಕೆ ಉಳಿದಿತ್ತು. ಉಪ್ಪಿಟ್ಟಿನ ದೊನ್ನೆ ಹಿಡಿದು ವಿಭಾಗದ ಮುಂದಿನ ಹೊಂಗೆಮರದ ಕೆಳಗೆ ಎಲ್ಲರೂ ಕೂತರು. ಮಧ್ಯದಲ್ಲಿ ಶಿವರಾಮುವನ್ನು ನಿಲ್ಲಿಸಿದರು. ಡಿಸೆಂಬರಿನೊಳಗೆ ಬರೆದು ಮುಗಿಸುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಂಡರು. ಸಂಸ್ಕೃತಿಯ ಸಾವಿರ ವರ್ಷದ ವಿಷಯವನ್ನು ಎತ್ತಲು ಅವನಿಗೆ ಧೈರ್ಯ ಬರಲಿಲ್ಲ. ಮಾತು ಕೊಟ್ಟವನ ಪರವಾಗಿ ಒಬ್ಬ ಜಾಮೀನು ನಿಲ್ಲಬೇಕು, ಮಾತು ತಪ್ಪಿದರೆ ಜಾಮೀನಾದವನು ಎಲ್ಲರ ಮುಂದೆ ತಲೆ ತಗ್ಗಿಸಬೇಕು, ಇದು ಪದ್ಧತಿ. ಯಾರು ನಿಲ್ತೀರಿ ಎಂದು ಬೋರಯ್ಯ ಕೇಳಿದ.

ಎರಡು ಬೀದಿಯೂ ಏಕಾಗ್ರತೆಯಿಂದ ಉಪ್ಪಿಟ್ಟು ತಿನ್ನತೊಡಗಿತು. ಲಿಂಗಯ್ಯ ಲಾರಿಯ ಚಕ್ರ ನೋಡಿದ. ಶಿವರಾಮು ಭಾನುವಿನ ಕಡೆ ನೋಡಿದ. ಬ್ಯಾಂಕಿನ ಸಾಲಕ್ಕಾದರೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ, ಇದಕ್ಕೆ ಮಾತ್ರ ಬೇಡ, ಎಂದು ಅವಳು ಮೆಲ್ಲಗೆ ಹೇಳಿದಳು. ಮಲ್ಲಿಕಾರ್ಜುನಸ್ವಾಮಿಯವರಿಗೆ ಅದೇ ಹೊತ್ತಿಗೆ ಎಲ್ಲೋ ಮೀಟಿಂಗು ನೆನಪಾಯಿತು.

ಕೊರಳಲ್ಲಿ ಹಾರ ಹಾಕಿಕೊಂಡೇ ಸುನೀಲ್ ಕುಮಾರ ಎದ್ದು ಬಂದ. ಬೋರಯ್ಯನ ಅಂಗೈ ಮೇಲೆ ತನ್ನ ಅಂಗೈ ಇಟ್ಟ.

"ನಮ್ಮಣ್ಣ ಬರೀತಾರೆ ಮಾವ. ಅವ್ರಿಗೆ ನಾನಿದ್ದೀನಿ."

ಜನ ದೇವರಿಗೆ ಹೇಳುವಂತೆ ಉಘೇ ಎನ್ನುವುದೊಂದು ಬಾಕಿ. ರಾಚಮ್ಮ ಇಬ್ಬರು ಅಳಿಯಂದಿರಿಗೂ ಸೇರಿಸಿ ದೃಷ್ಟಿ ನಿವಾಳಿಸಿದಳು. ಲಾರಿ ಹೊರಡುವ ಮೊದಲು ಸುನೀಲ್ ಷಡ್ಡಕನನ್ನು ಮರದ ಆಚೆ ಬದಿಗೆ ಕರೆದುಕೊಂಡು ಹೋದ.

"ಅಣ್ಣ, ನೀವು ಕೇಳಿದ್ದು ನನ್ನ ತಲೆಗೆ ಹೊಳ್ದಿರ್ಲೇ ಇಲ್ಲ. ನಿಮ್ಮ ಸಂತೆ, ನನ್ನ ಗೆಡ್ಡೆ, ಎರಡೂ ಸೇರ್ಸಿ ಒಂದು ಪೇಪರ್ ಬರೆಯಾನ. ಇಬ್ರ ಹೆಸ್ರಲ್ಲೂ ಕಳ್ಸಾನ."

ನಾಲ್ಕು ದಿನದಿಂದ ಒಳಗೆ ಕುದಿದದ್ದೆಲ್ಲ ಶಿವರಾಮುವಿನ ಕಣ್ಣಿಗೆ ನೀರಾಗಿ ಬಂತು. ಸುನೀಲನ ಎರಡೂ ಕೈ ಹಿಡಿದುಕೊಂಡ. ಲಾರಿಯ ಮೇಲಿದ್ದವರು ಅದನ್ನು ನೋಡಿ ಮಾತು ನಿಲ್ಲಿಸಿದರು. ಕೊನೆಗೆ ಕಣ್ಣೊರೆಸಿಕೊಂಡು, ಯಾರಿಗೂ ಕೇಳಿಸದಂತೆ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದ.

"ಯಾರ ಹೆಸ್ರು ಮೊದ್ಲು?"